ಚಿಪ್ಪಿಗೆ ಮೊದಲು ನೀರು

ಮದ್ದು ತುಂಬುವ ಮೊದಲು ಅವರು ನೀರು ತುಂಬುತ್ತಾರೆ. ಒಮ್ಮೆ ಹಾರಿಸಿದ ಹಿತ್ತಾಳೆ ಚಿಪ್ಪು. ಬುಡದ ಸುಟ್ಟ ಕೇಪನ್ನು ಕೀಳದೆ ಹಾಗೇ ಬಿಟ್ಟಿದ್ದಾರೆ, ನೀರು ಸೋರದಂತೆ ಅದೇ ಬಿರಡೆ. ಡ್ರಾಪರಿನಿಂದ ಒಂದೊಂದೇ ಹನಿ. ಚಿಪ್ಪಿನ ಕೊರಳು ತುಂಬಿ ಬಾಯಿ ಹತ್ತಿರವಾದಂತೆ ನೀರಿನ ಮೈ ಮೊದಲು ನಡುವೆ ತಗ್ಗಾಗಿ ಕಾಣುತ್ತದೆ, ಇನ್ನೊಂದು ಹನಿಗೆ ಮಟ್ಟಸವಾಗುತ್ತದೆ, ಮತ್ತೊಂದಕ್ಕೆ ಕೆಸುವಿನ ಎಲೆಯ ಮೇಲಿನ ಮಣಿಯ ಹಾಗೆ ಉಬ್ಬುತ್ತದೆ. ಉಬ್ಬಬಾರದು. ಹುಡುಗಿ ಟಿಶ್ಯೂ ಕಾಗದದ ಮೂಲೆಯನ್ನು ಮೆಲ್ಲಗೆ ತಾಗಿಸಿ ಹೆಚ್ಚಾದದ್ದನ್ನು ಹೀರಿಸುತ್ತಾಳೆ, ಉಸಿರು ಹಿಡಿದು ಚಿಪ್ಪನ್ನು ತಕ್ಕಡಿಯ ಮೇಲಿಡುತ್ತಾಳೆ. ಅಂಕಿ ಸ್ವಲ್ಪ ಓಲಾಡಿ ನಿಲ್ಲುತ್ತದೆ. ಅದರಲ್ಲಿ ಖಾಲಿ ಚಿಪ್ಪಿನ ತೂಕ ಕಳೆದರೆ ಉಳಿಯುವುದು ನೀರಿನ ತೂಕ. ಅವಳು ಹೇಳುತ್ತಾಳೆ, ಅಜ್ಜ ಬರೆದುಕೊಳ್ಳುತ್ತಾರೆ. ಇದು ಏಳನೆಯದು. ಇನ್ನೂ ಮೂರು ಇವೆ.

ಅಮೆರಿಕದ ಐಡಹೋ ರಾಜ್ಯ, ಬಾಯ್ಸಿ ಊರಿನ ಅಂಚು, ಫೆಬ್ರುವರಿ ಕೊನೆಯ ಒಂದು ಸಂಜೆ. ಗ್ಯಾರೇಜಿನ ಬಾಗಿಲ ಪಕ್ಕ ಸಲಿಕೆಯಿಂದ ಗೋರಿಹಾಕಿದ ಹಿಮ ಮಣ್ಣು ಬೆರೆತು ಗಟ್ಟಿಯಾಗಿದೆ. ಏಣಿ ಹಿಂದಿರುಗಿಸಲು ಹೋದವನು ನಾನು. ಎರಡು ಗಂಟೆ ಅಲ್ಲೇ ನಿಂತೆ. ನೆರೆಮನೆಯ ಈ ಯಜಮಾನರಿಗೆ ಎಪ್ಪತ್ತು ದಾಟಿದೆ. ಜೀವಮಾನವೆಲ್ಲ ಜಮೀನು ಅಳೆದ ಸರ್ವೇಯರ್. ಮೊಮ್ಮಗಳಿಗೆ ಹತ್ತೊಂಬತ್ತು, ಎಂಜಿನಿಯರಿಂಗ್ ಓದುತ್ತಿದ್ದಾಳೆ. ಬರುವ ಅಕ್ಟೋಬರಿನ ಎಲ್ಕ್ ಬೇಟೆಗೆ ಅಜ್ಜನ ಹಳೆಯ ರೈಫಲ್ ಅವಳ ಕೈಗೆ ಬರಲಿದೆ. ಕಳೆದ ವರ್ಷ ಅದಕ್ಕೆ ಹೊಸ ನಳಿಗೆ ಕೂರಿಸಿದ್ದಾರೆ. ಆ ನಳಿಗೆಗೆ ಒಗ್ಗುವ ತೋಟಾಗಳನ್ನು ಇಬ್ಬರೂ ಕೈಯಾರೆ ತುಂಬಿಕೊಳ್ಳುವ ಕೆಲಸ ಈಗ ಶುರುವಾಗಿದೆ. ಸ್ವಂತ ಬಳಕೆಗಾದರೆ ಇದಕ್ಕೆ ಅಲ್ಲಿನ ಫೆಡರಲ್ ಕಾನೂನು ಪರವಾನಗಿ ಕೇಳುವುದಿಲ್ಲ, ಮಾರುವುದಕ್ಕೆ ಬೇಕು. ಅಂಗಡಿಯ ತೋಟಾ ಎಲ್ಲ ರೈಫಲ್‌ಗಳಿಗೂ ಹೊಂದುವಂತೆ ಮಾಡಿದ್ದು, ಕೈಯಾರೆ ತುಂಬಿದ್ದು ಒಂದೇ ರೈಫಲ್‌ನದು. ನೂರು ಗಜದಾಚೆ ಮೂರು ಗುಂಡುಗಳು ಒಂದೇ ನಾಣ್ಯದ ಅಗಲದಲ್ಲಿ ಬೀಳುವ ಹಾಗೆ ಮಾಡಬೇಕೆಂಬ ಆಸೆಗೆ ಇಲ್ಲಿ ಲಕ್ಷಗಟ್ಟಲೆ ಜನ ಚಳಿಗಾಲದ ಸಂಜೆಗಳನ್ನು ಕೊಟ್ಟಿದ್ದಾರೆ.

ಮೇಜು ದಪ್ಪ ಹಲಗೆಯದು. ಅದಕ್ಕೆ ಬೋಲ್ಟು ಹಾಕಿ ಬಿಗಿದ ಎರಕದ ಪ್ರೆಸ್ಸು, ಅದರ ಹಿಡಿಯ ಬಣ್ಣ ಅಂಗೈ ತಾಗುವ ಕಡೆ ಮಾಸಿದೆ. ಎಡಕ್ಕೆ ಮರದ ದಿಮ್ಮಿಯಲ್ಲಿ ಕೊರೆದ ಐವತ್ತು ಕುಳಿಗಳು, ಒಂದೊಂದರಲ್ಲಿ ಒಂದೊಂದು ಚಿಪ್ಪು. ಬಲಕ್ಕೆ ತಕ್ಕಡಿ, ಅದರ ಪಕ್ಕ ಮಖಮಲ್ಲಿನ ಪೆಟ್ಟಿಗೆಯಲ್ಲಿ ಪರೀಕ್ಷೆಯ ತೂಕದ ಬೊಟ್ಟುಗಳು. ಕೇಪುಗಳು ಅಂಗಡಿಯಿಂದ ಬಂದ ಪೆಟ್ಟಿಗೆಯಲ್ಲೇ, ಬೇರೆ ಕಪಾಟಿನಲ್ಲಿವೆ. ಅವು ಇದೇ ರಾಜ್ಯದ ಲೂಯಿಸ್ಟನ್ ಊರಿನಲ್ಲಿ ತಯಾರಾದವು. ಇಡೀ ಮೇಜಿನ ಮೇಲೆ ಮದ್ದಿನ ಡಬ್ಬಿ ಒಂದೇ ಒಂದು. ಎರಡನೆಯ ಡಬ್ಬಿ ಹೊರಗೆ ಬರಬೇಕಾದರೆ ಮೊದಲನೆಯದು ಮುಚ್ಚಳ ಬಿಗಿದುಕೊಂಡು ಕಪಾಟಿಗೆ ಹೋಗಿರಬೇಕು. ಈ ನಿಯಮವನ್ನು ಯಾರೂ ಗೋಡೆಗೆ ಬರೆದು ಅಂಟಿಸಿಲ್ಲ. ಅವರ ಕೈಗಳ ನಡೆಯಲ್ಲೇ ಕಾಣುತ್ತಿತ್ತು.

ತಕ್ಕಡಿ ತೋರಿಸುವುದು ಗ್ರಾಂ ಅಲ್ಲ, ಗ್ರೇನ್. ಕಾಳಿನ ಲೆಕ್ಕ; ಬಾರ್ಲಿ ಕಾಳಿನಿಂದ ಬಂದದ್ದು ಎನ್ನುತ್ತಾರೆ. ನಮ್ಮ ಅಕ್ಕಸಾಲಿಗರ ಗುಲಗಂಜಿ ಇದ್ದ ಹಾಗೆ. ಒಂದು ಗ್ರಾಮಿಗೆ ಹದಿನೈದೂವರೆಗೆ ತುಸು ಕಡಿಮೆ ಗ್ರೇನ್. ಪೆಟ್ಟಿಗೆಯ ಮೇಲೆ 180 ಎಂದು ಬರೆದಿದ್ದ ಗುಂಡೊಂದನ್ನು ಯಜಮಾನರು ನನ್ನ ಅಂಗೈಗೆ ಹಾಕಿದರು. ತಾಮ್ರದ ಹೊದಿಕೆ, ಮೂತಿ ಚೂಪು, ಹಿಡಿದರೆ ಗಾತ್ರಕ್ಕೆ ಮೀರಿದ ಭಾರ. ತಟ್ಟನೆ ಹೊಳೆಯಿತು: ನೂರ ಎಂಬತ್ತು ಗ್ರೇನ್ ಎಂದರೆ ಸರಿಯಾಗಿ ಒಂದು ತೊಲ. 1833ರಲ್ಲಿ ಕಂಪನಿ ಸರ್ಕಾರ ತೊಲವನ್ನು ಕಟ್ಟಿದ್ದು ಇದೇ ಅಂಕಿಗೆ, ಬೆಳ್ಳಿ ರೂಪಾಯಿಯ ತೂಕವೂ ಅದೇ. ನನ್ನ ಅಜ್ಜಿ ಬಂಗಾರ ತೂಗಿಸುತ್ತಿದ್ದ ಅಳತೆಯಲ್ಲಿ ಇವರು ಗುಂಡು ತೂಗುತ್ತಿದ್ದಾರೆ. ಹೇಳಿದೆ. ಹುಡುಗಿ ನಕ್ಕಳು, ಮುದುಕರು ನಗಲಿಲ್ಲ. “ಗ್ರೇನ್ ಬದಲು ಗ್ರಾಂ ಗುಂಡಿ ಒತ್ತಿಹೋಗಿದ್ದು ಗೊತ್ತಾಗದೆ ತೂಗಿದವರಿದ್ದಾರೆ” ಎಂದರು. ಆಮೇಲೆ ಬೊಟ್ಟೊಂದನ್ನು ಇಕ್ಕಳದಿಂದ ಎತ್ತಿ ತಕ್ಕಡಿಯ ಮೇಲಿಟ್ಟು ಅಂಕಿ ನೋಡಿ ತೆಗೆದರು. ಆ ಸಂಜೆ ಹೀಗೆ ಮಾಡಿದ್ದು ಅದು ನಾಲ್ಕನೆಯ ಸಲ.

ಆ ಮೇಜಿನ ಮುಂದೆ ನಿಂತಾಗ ನನ್ನ ಕಣ್ಣಿಗೆ ಬಂದದ್ದು ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಜಗುಲಿ. ಹಂದಿ, ಮಂಗಗಳಿಂದ ತೋಟ ಕಾಯಲು ನನ್ನ ಅಜ್ಜನ ಬಳಿ ಲೈಸೆನ್ಸಿನ ಕೇಪಿನ ಕೋವಿ ಇತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಗುದ್ದಿ, ಚರೆ ಹಾಕಿ, ಮತ್ತೆ ನಾರು. ಮದ್ದಿನ ಅಳತೆಗೆ ಬಿದಿರಿನ ಸಣ್ಣ ಕೊಳವೆ. ಅದರ ಬಾಯಿಗಿಂತ ಒಂದು ಕಾಳೂ ಹೆಚ್ಚು ಹಾಕಿದ್ದನ್ನು ನಾನು ನೋಡಲಿಲ್ಲ. ನಮ್ಮ ಕೆಳಗಿನ ಮನೆಯವರೊಬ್ಬರಿಗೆ ಎಡಗೈಯಲ್ಲಿ ಹೆಬ್ಬೆರಳೂ ತೋರುಬೆರಳೂ ಇರಲಿಲ್ಲ. ಈಡು ತುಂಬಿಟ್ಟದ್ದು ಮರೆತು ಅದರ ಮೇಲೆ ಇನ್ನೊಂದು ಈಡು ತುಂಬಿದ್ದರಂತೆ. ಅವರು ಎಲೆಗೆ ಸುಣ್ಣ ಸವರುವುದನ್ನು ನೋಡುತ್ತ ಬೆಳೆದವನಿಗೆ ಮದ್ದಿನ ಮಾತು ಬಂದರೆ ಹಗುರವಾಗಿ ನಿಲ್ಲಲು ಆಗುವುದಿಲ್ಲ.

ಹತ್ತೂ ಚಿಪ್ಪುಗಳ ನೀರು ತೂಗಿ ಮುಗಿಯಿತು. ಹುಡುಗಿ ಕೈ ಒರೆಸಿಕೊಂಡು ಮೂಲೆಯ ಸ್ಟೂಲಿನ ಮೇಲಿದ್ದ ಲ್ಯಾಪ್‌ಟಾಪ್ ತೆರೆದಳು. ಬ್ಯಾಲಿಸ್ಟಿಕ್ಸ್ ಸಾಫ್ಟ್‌ವೇರ್ ಎಂದರೆ ಎರಡು ಬಗೆ. ಗುಂಡು ನಳಿಗೆ ಬಿಟ್ಟ ಮೇಲೆ ಎಷ್ಟು ದೂರಕ್ಕೆ ಎಷ್ಟು ಇಳಿಯುತ್ತದೆ, ಗಾಳಿಗೆ ಎಷ್ಟು ಸರಿಯುತ್ತದೆ ಎಂದು ಲೆಕ್ಕ ಹಾಕುವುದು ಒಂದು. ಅದು ತಪ್ಪಿದರೆ ಗುರಿ ತಪ್ಪುತ್ತದೆ. ನಳಿಗೆಯ ಒಳಗೆ ಏನಾಗುತ್ತದೆಂದು ಲೆಕ್ಕ ಹಾಕುವುದು ಇನ್ನೊಂದು, ಅದು ತಪ್ಪಿದರೆ ಕಣ್ಣು, ಬೆರಳು. ಜರ್ಮನಿಯಲ್ಲಿ ಹುಟ್ಟಿದ ಕ್ವಿಕ್‌ಲೋಡ್, ಗಾರ್ಡನ್ಸ್ ರಿಲೋಡಿಂಗ್ ಟೂಲ್ ಈ ಎರಡನೆಯ ಜಾತಿಯವು. ತೋಟಾದ ಹೆಸರು, ಗುಂಡಿನ ತೂಕ ಮತ್ತು ಉದ್ದ, ಅದು ಚಿಪ್ಪಿನೊಳಗೆ ಎಷ್ಟು ಆಳ ಕೂತಿದೆ, ಯಾವ ಮದ್ದು, ಎಷ್ಟು, ನಳಿಗೆ ಎಷ್ಟು ಉದ್ದ, ಎಷ್ಟು ಬಿಸಿ, ಇಷ್ಟನ್ನೂ ತುಂಬಿದರೆ ಪರದೆಯ ಮೇಲೆ ಗುಡ್ಡದಂಥ ಗೆರೆ ಏಳುತ್ತದೆ. ಗುಡ್ಡದ ತುದಿಯೇ ಒತ್ತಡದ ತುದಿ. ಚಿಪ್ಪಿನೊಳಗಿನ ಜಾಗವನ್ನು ಅದು ಕೇಳುವುದು ನೀರಿನ ತೂಕದಲ್ಲಿ. ಸಾಫ್ಟ್‌ವೇರ್ ತಾನಾಗಿ ಹಿಡಿದುಕೊಂಡಿದ್ದ ಅಂಕಿ 68 ಗ್ರೇನ್ ಚಿಲ್ಲರೆ. ಇವರ ಹತ್ತು ಚಿಪ್ಪುಗಳ ಸರಾಸರಿ 67ಕ್ಕೂ ಕೆಳಗೆ, ಹಿತ್ತಾಳೆ ದಪ್ಪ. ಅವಳು ಹಳೆಯ ಅಂಕಿ ಅಳಿಸಿ ತಮ್ಮದನ್ನು ಬರೆದ ಕೂಡಲೇ, ಮದ್ದು ಒಂದು ಕಾಳೂ ಹೆಚ್ಚಾಗದೆ, ಗುಡ್ಡ ಎತ್ತರವಾಯಿತು. ಜಾಗ ಕಿರಿದಾದರೆ ಒತ್ತಡ ಏರಲೇಬೇಕು. ಅವಳು ತಿರುಗಿ ಅಜ್ಜನ ಮುಖ ನೋಡಿದಳು. ಅವರು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, “ಅದಕ್ಕೇ ನೀರು” ಎಂದರು.

ಎಷ್ಟು ಒತ್ತಡ? ಇವರದು ಥರ್ಟಿ-ಆಟ್-ಸಿಕ್ಸ್, 1906ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ತೋಟಾ, ಹೆಸರಿನಲ್ಲೇ ವರ್ಷ ಇದೆ. ಅಲ್ಲಿನ ಕೋವಿ, ತೋಟಾ ತಯಾರಕರು 1926ರಲ್ಲಿ ಕಟ್ಟಿಕೊಂಡ ‘ಸಾಮಿ’ ಸಂಸ್ಥೆ ಅದಕ್ಕೆ ಹಾಕಿರುವ ಮೇಲಿನ ಮಿತಿ ಚದರ ಇಂಚಿಗೆ 60,000 ಪೌಂಡ್. ನಮ್ಮ ಅಡುಗೆಮನೆಯ ಕುಕ್ಕರ್ ಸೀಟಿ ಹಾಕುವುದು ಹೆಚ್ಚುಕಡಿಮೆ 15ಕ್ಕೆ. ಅಂಥ ನಾಲ್ಕು ಸಾವಿರ ಕುಕ್ಕರಿನ ಒತ್ತಡ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ, ಏರಿ ಇಳಿಯುವುದೆಲ್ಲ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ತುಸು ಹೆಚ್ಚು ಹೊತ್ತಿನಲ್ಲಿ. ಹೊಗೆ ಕಡಿಮೆ ಬಿಡುವ ಇಂದಿನ ಮದ್ದನ್ನು 1884ರಲ್ಲಿ ಮೊದಲು ಪಳಗಿಸಿದವನು ಫ್ರಾನ್ಸಿನ ಪಾಲ್ ವಿಯೆಲ್. ಒತ್ತಡ ಏರಿದಷ್ಟೂ ಈ ಮದ್ದು ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಏರುತ್ತದೆ. ಒಂದು ಇನ್ನೊಂದರ ಬೆನ್ನು ತಟ್ಟುತ್ತ ಹೋಗುವ ಕೆಲಸ. ಹಾಗಾಗಿ ಕೆಳಗಿನ ಮೆಟ್ಟಿಲಲ್ಲಿ ಏನೂ ಅನ್ನಿಸದ ಅರ್ಧ ಗ್ರೇನ್ ಮೇಲಿನ ಮೆಟ್ಟಿಲಲ್ಲಿ ಬೇರೆಯೇ ಪ್ರಾಣಿ. ಹಾಗೆಂದು ತೀರ ಕಡಿಮೆ ಹಾಕಿದರೆ ಕ್ಷೇಮವೆಂದೂ ಅಲ್ಲ. ದೊಡ್ಡ ಚಿಪ್ಪಿನಲ್ಲಿ ನಿಧಾನದ ಮದ್ದನ್ನು ಪುಸ್ತಕದ ಕೆಳಮಿತಿಗಿಂತ ಇಳಿಸಿದಾಗ ಒತ್ತಡ ಹೇಳಕೇಳದೆ ನೆಗೆದು ರೈಫಲ್ ಒಡೆದದ್ದುಂಟು. ಅಲ್ಲಿಯೂ ಪರದೆಯ ಗೆರೆ ಮಾತ್ರ ನುಣುಪಾಗಿಯೇ ಇರುತ್ತದೆ.

ಹುಡುಗಿ ಅಂಕಿ ಬದಲಿಸುತ್ತ ಹೋದಳು. ಗುಂಡನ್ನು ಒಂದಿಷ್ಟು ಒಳಕ್ಕೆ ಕೂರಿಸಿದರೆ? ಗುಡ್ಡ ಏರಿತು. ಸುತ್ತಲಿನ ಶಾಖ 35 ಡಿಗ್ರಿಗೆ ಏರಿಸಿದರೆ? ಇನ್ನೂ ಏರಿತು. ಪರದೆಯ ಒಂದು ಮೂಲೆ ಕೆಂಪಾಯಿತು. ಕಲಿಯಲು ಇದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುವುದು ಕಷ್ಟ; ಪರದೆಯ ಮೇಲೆ ಹತ್ತು ಸಲ ರೈಫಲ್ ಒಡೆದರೂ ಯಾರಿಗೂ ಗಾಯವಿಲ್ಲ. ಆದರೆ ಎಷ್ಟು ಮದ್ದು ಹಾಕಬೇಕು ಎಂಬ ಪ್ರಶ್ನೆ ಬಂದಾಗ ಯಜಮಾನರು ಲ್ಯಾಪ್‌ಟಾಪ್ ಮುಚ್ಚಿಸಿದರು. ಗುಂಡು ತಯಾರಿಸಿದವರ ಕೈಪಿಡಿ ಬಂತು, ಮದ್ದು ತಯಾರಿಸಿದವರ ಪಟ್ಟಿಯೂ ಬಂತು. ಎರಡರಲ್ಲೂ ಅದೇ ಗುಂಡು, ಅದೇ ಮದ್ದು, ಕೆಳಮಿತಿ, ಮೇಲ್ಮಿತಿ. ಎರಡು ಪುಸ್ತಕ ಎರಡು ಮಾತು ಹೇಳಿದ ಕಡೆ ಕಡಿಮೆ ಅಂಕಿಯನ್ನು ಹಿಡಿದರು. “ಪುಸ್ತಕದವರು ಹಾರಿಸಿ ಅಳೆದಿದ್ದಾರೆ ಪುಟ್ಟೀ, ಇದು ಎಣಿಸಿ ಹೇಳುತ್ತದೆ” ಎಂದರು. ಒತ್ತಡ ಅಳೆಯುವ ಹರಳು ಕೂರಿಸಿದ ನಳಿಗೆಯಲ್ಲಿ ಗುಂಡು ಹಾರಿಸಿ ಬರೆದ ಅಂಕಿಗೂ ಸಮೀಕರಣ ಕೊಟ್ಟ ಅಂಕಿಗೂ ನಡುವೆ ಅವರು ಎಳೆದ ಗೆರೆ ಅದು.

ಅವರು ಹಿಡಿದ ಮದ್ದಿನ ಅಂಕಿಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವು ಆ ಚಿಪ್ಪಿನವು, ಆ ನಳಿಗೆಯವು. ಇನ್ನೊಬ್ಬರ ಕನ್ನಡಕ ಹಾಕಿಕೊಂಡರೆ ತಲೆನೋವು ಬರುತ್ತದೆ, ಇನ್ನೊಬ್ಬರ ಈಡಿನ ಅಳತೆ ತಂದರೆ ತಲೆಗೇ ಬರುತ್ತದೆ.

ನನ್ನ ಕೆಲಸವೂ ಇಂಥದ್ದೇ. ಚಿಪ್ ತಯಾರಾಗುವ ಮೊದಲು ಅದು ಹೇಗೆ ನಡೆದುಕೊಳ್ಳುತ್ತದೆಂದು ಕಂಪ್ಯೂಟರಿನಲ್ಲಿ ನಡೆಸಿ ನೋಡುವವನು ನಾನು. ಹದಿನೆಂಟು ವರ್ಷದಲ್ಲಿ ಕಲಿತದ್ದು ಇಷ್ಟು: ಮಾದರಿ ಉತ್ತರಿಸುವುದು ನಾವು ಬರೆದುಕೊಟ್ಟ ವಸ್ತುವಿನ ಬಗ್ಗೆ, ಮೇಜಿನ ಮೇಲಿರುವ ವಸ್ತುವಿನ ಬಗ್ಗೆ ಅಲ್ಲ. ಆ ಎರಡರ ನಡುವಿನ ಅಂತರ ನಮ್ಮಲ್ಲಾದರೆ ಹಣ ತಿನ್ನುತ್ತದೆ. ಈ ಮೇಜಿನಲ್ಲಿ ಆ ಅಂತರಕ್ಕೆ ಹಲವು ಹೆಸರು. ಒಂದೇ ಮದ್ದಿನ ಎರಡು ಡಬ್ಬಿಗಳು ಬೇರೆ ಬೇರೆ ಬ್ಯಾಚಿನವಾದರೆ ಉರಿಯುವ ವೇಗ ತುಸು ಬೇರೆ. ಕೇಪು ಬದಲಾದರೆ ಒತ್ತಡ ಬದಲಾಗಬಹುದು. ಇಡೀ ತಾಮ್ರದ ಗುಂಡು, ಸೀಸದ ಒಡಲಿನ ಅಷ್ಟೇ ತೂಕದ ಗುಂಡಿಗಿಂತ ಉದ್ದ. ಚಿಪ್ಪಿನೊಳಗೆ ಹೆಚ್ಚು ಜಾಗ ತಿನ್ನುತ್ತದೆ. ಇವೆಲ್ಲಕ್ಕಿಂತ ನನಗೆ ಭಯ ಹುಟ್ಟಿಸಿದ್ದು ಹೆಸರಿನ ಮೋಸ. ಐಎಂಆರ್ 4350 ಎಂಬುದೊಂದು ಮದ್ದು, ಎಚ್ 4350 ಇನ್ನೊಂದು, ಅಕ್ಯುರೇಟ್ 4350 ಮತ್ತೊಂದು. ಅಂಕಿ ಒಂದೇ, ಉರಿಯುವ ಬಗೆ ಬೇರೆ. ಸಾಫ್ಟ್‌ವೇರಿನ ಪಟ್ಟಿಯಲ್ಲಿ ಬೆರಳು ಒಂದು ಸಾಲು ಕೆಳಗೆ ಜಾರಿದರೆ ಪರದೆ ಏನೂ ಹೇಳದು. ಕೇಳಿದ ಮದ್ದಿನ ಉತ್ತರವನ್ನು ಶ್ರದ್ಧೆಯಿಂದ ಕೊಡುತ್ತದೆ. ಹುಡುಗಿ ಡಬ್ಬಿಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿದಳು, ಅಜ್ಜ ಪುಸ್ತಕದ ಹೆಸರನ್ನು ಗಟ್ಟಿಯಾಗಿ ಓದಿದರು. ಆಮೇಲೆ ಡಬ್ಬಿ, ಪುಸ್ತಕ ಅದಲುಬದಲು ಮಾಡಿಕೊಂಡು ಇನ್ನೊಮ್ಮೆ ಓದಿದರು.

ಅವಳು ಮದ್ದು ತೂಗುತ್ತಿದ್ದಾಗ ನಾನು ಸದ್ದಿಲ್ಲದೆ ನಿಂತು ಒಂದು ವಿಷಯ ಯೋಚಿಸುತ್ತಿದ್ದೆ. ನನ್ನ ಅನ್ನಕ್ಕೆ ದಾರಿಯಾದ ಕಂಪ್ಯೂಟರಿನ ಮೊದಮೊದಲ ಯಂತ್ರಗಳಲ್ಲೊಂದು ಹುಟ್ಟಿದ್ದೇ ಗುಂಡಿನ ಲೆಕ್ಕಕ್ಕೆ. 1946ರ ಇಂಥದೇ ಫೆಬ್ರುವರಿಯಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಲೋಕಕ್ಕೆ ತೋರಿಸಿದ ಎನಿಯಾಕ್ ಯಂತ್ರವನ್ನು ಕಟ್ಟಿಸಿದ್ದು ಅಮೆರಿಕದ ಸೇನೆ, ಫಿರಂಗಿಯ ಕೋಷ್ಟಕಗಳಿಗಾಗಿ. ಸುಮಾರು 18,000 ನಿರ್ವಾತ ಕೊಳವೆಗಳ ಆ ಯಂತ್ರಕ್ಕೆ ಲೆಕ್ಕ ಹೂಡಿಕೊಟ್ಟವರು ಆರು ಜನ ಹೆಣ್ಣುಮಕ್ಕಳು. ಅದಕ್ಕೂ ಇನ್ನೂರು ವರ್ಷ ಮೊದಲು, 1742ರಲ್ಲಿ, ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಮರದ ಹಲಗೆಯನ್ನು ಉಯ್ಯಾಲೆಯಂತೆ ತೂಗುಬಿಟ್ಟು, ಗುಂಡು ಬಡಿದಾಗ ಅದು ಎಷ್ಟು ತೂಗಿತೆಂದು ನೋಡಿ ವೇಗ ಕಂಡುಹಿಡಿಯುವ ವಿಧಾನವನ್ನು ಪ್ರಕಟಿಸಿದ. ಕಂಪನಿಯ ಎಂಜಿನಿಯರನಾಗಿ ನಮ್ಮ ಕಡೆಗೇ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಲೆಕ್ಕ ಬಲ್ಲವನೇ ಹಲಗೆ ತೂಗುಹಾಕಿ ಅಳೆದನಲ್ಲ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಕೆಳಮಿತಿಯಿಂದ ಮೇಲ್ಮಿತಿಯವರೆಗೆ ಮದ್ದು ಏರಿಸುತ್ತ ಹೋಗುವ ಐದು ಮೆಟ್ಟಿಲು, ಒಂದೊಂದಕ್ಕೆ ಮೂರು, ಒಟ್ಟು ಹದಿನೈದು ತೋಟಾ. ತುಂಬಿದ ಮೇಲೆ ಹುಡುಗಿ ಟಾರ್ಚ್ ಹಿಡಿದು ಪ್ರತಿ ಚಿಪ್ಪಿನ ಬಾಯಿಯೊಳಗೆ ಇಣುಕಿದಳು. ಮದ್ದಿನ ಮಟ್ಟ ಎಲ್ಲದರಲ್ಲೂ ಒಂದೇ ಎತ್ತರಕ್ಕಿದೆ ಎಂದು ಕಂಡ ಮೇಲೆಯೇ ಗುಂಡು ಕೂರಿಸಿದ್ದು. ಕೆಳಗಿನ ಮನೆಯವರ ಬೆರಳು ಮತ್ತೆ ನೆನಪಾಯಿತು.

ಮಾರ್ಚ್ ಮೊದಲ ಶನಿವಾರ ನನ್ನನ್ನೂ ಕರೆದರು. ಊರಿನಿಂದ ದಕ್ಷಿಣಕ್ಕೆ ಮುಕ್ಕಾಲು ಗಂಟೆ. ಡಾಂಬರು ಮುಗಿದು ಜಲ್ಲಿ, ಜಲ್ಲಿ ಮುಗಿದು ಬರಿಯ ಗಾಲಿಯ ಜಾಡು. ಎತ್ತ ನೋಡಿದರೂ ಮೊಣಕಾಲೆತ್ತರದ ಸೇಜ್ ಪೊದೆ. ಬೂದಿ ಬಳಿದ ಹಸಿರು, ಕಾಲಿಗೆ ತಾಗಿದರೆ ಕರ್ಪೂರ ಬೆರೆಸಿದ ಕಷಾಯದಂಥ ವಾಸನೆ. ಹಿಂದೆ ಎತ್ತರದ ಮಣ್ಣಿನ ದಿಬ್ಬ, ಅದರ ಮುಂದೆ ಕಾಗದದ ಗುರಿ. ನಾಲ್ಕು ಡಿಗ್ರಿ ಚಳಿ, ಉಸಿರು ಬಿಳಿಯಾಗಿ ಕಾಣುತ್ತಿತ್ತು. ಮಡಚುವ ಮೇಜಿನ ಮೇಲೆ ಮರಳುಚೀಲ, ಪಕ್ಕದಲ್ಲಿ ವೇಗ ಅಳೆಯುವ ಅಂಗೈಯಗಲದ ರೇಡಾರ್ ಪೆಟ್ಟಿಗೆ. ಕಣ್ಣಿಗೆ ಕನ್ನಡಕ, ಕಿವಿಗೆ ಬಿರಡೆ, ಅದರ ಮೇಲೆ ಕಿವಿಮುಚ್ಚುಗೆ.

ಮೊದಲ ಈಡು. ದಿಬ್ಬದಲ್ಲಿ ಧೂಳು ಚಿಮ್ಮಿತು, ಸದ್ದು ಬಯಲಿನಾಚೆ ಹೋಗಿ ಬಡಿದು ತಡವಾಗಿ ಮರಳಿತು. ಸಾಫ್ಟ್‌ವೇರ್ ಹೇಳಿದ್ದು ಸೆಕೆಂಡಿಗೆ 2,500 ಅಡಿ, ರೇಡಾರ್ ತೋರಿಸಿದ್ದು 2,548. ಎರಡನೆಯದು, ಮೂರನೆಯದೂ ಅಲ್ಲೇ ಆಸುಪಾಸು. ಹುಡುಗಿಯ ಮುಖ ಅರಳಿತು. ಕೆಳಮೆಟ್ಟಿಲಲ್ಲೇ ಇಷ್ಟು ವೇಗ! ಅಜ್ಜನ ಹುಬ್ಬು ಗಂಟಾಯಿತು. ಚಳಿಯಲ್ಲಿ ಮದ್ದು ಸ್ವಲ್ಪ ಮಂಕಾಗಬೇಕು, ವೇಗ ಲೆಕ್ಕಕ್ಕಿಂತ ಕೆಳಗಿರಬೇಕು, ಮೇಲಿದೆ. ವೇಗ ಪುಕ್ಕಟೆ ಬರುವುದಿಲ್ಲ; ಹೆಚ್ಚಿಗೆ ಬಂದದ್ದನ್ನು ಒತ್ತಡ ಎಲ್ಲೋ ತೆತ್ತಿರುತ್ತದೆ. ಚಿಪ್ಪುಗಳನ್ನು ಬೆಳಕಿಗೆ ಹಿಡಿದು ನೋಡಿದರು. ಕೇಪಿನ ಅಂಚು ದುಂಡಗೇ ಇದೆ, ಬೋಲ್ಟು ಹಗುರವಾಗಿ ಎದ್ದಿದೆ. ಅದರಿಂದ ಅವರಿಗೆ ಸಮಾಧಾನವಾಗಲಿಲ್ಲ. ಕೇಪು ಚಪ್ಪಟೆಯಾಗುವುದು, ಬೋಲ್ಟು ಬಿಗಿಯಾಗುವುದು ಮಿತಿ ದಾಟಿದ ಎಷ್ಟೋ ಹೊತ್ತಿನ ಮೇಲೆ ಕಾಣುವ ಗುರುತು. ಕುಕ್ಕರಿನ ಸೇಫ್ಟಿ ವಾಲ್ವ್ ಹಾರಿತೆಂದರೆ ಎಚ್ಚರಿಕೆಯ ಹೊತ್ತು ಅದಾಗಲೇ ಕಳೆದಿದೆ.

ಎರಡನೆಯ ಮೆಟ್ಟಿಲು 2,615. ಮೂರನೆಯದು 2,684. ಅಜ್ಜ ಕೈ ಎತ್ತಿ ನಿಲ್ಲಿಸಿದರು. ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದರು: ಐದನೆಯ ಮೆಟ್ಟಿಲಿಗೆ, ಮೇಲ್ಮಿತಿಯ ಮದ್ದಿಗೆ, ಪುಸ್ತಕದವರಿಗೆ ಸಿಕ್ಕ ವೇಗ 2,690. ಅದೂ 24 ಇಂಚಿನ ನಳಿಗೆಯಲ್ಲಿ, ಇವರದು 22. ಎರಡು ಮೆಟ್ಟಿಲು ಕಡಿಮೆ ಮದ್ದಿನಲ್ಲಿ, ಎರಡು ಇಂಚು ಗಿಡ್ಡ ನಳಿಗೆಯಲ್ಲಿ ಇವರು ಅದೇ ಜಾಗಕ್ಕೆ ಬಂದು ನಿಂತಿದ್ದಾರೆ. ಉಳಿದ ಆರು ತೋಟಾ ಪೆಟ್ಟಿಗೆಯಲ್ಲೇ ಉಳಿದವು.

“ಸಾಫ್ಟ್‌ವೇರಿನಲ್ಲಿ ಮದ್ದಿನ ಉರಿಯುವ ವೇಗದ ಅಂಕಿ ಸ್ವಲ್ಪ ಏರಿಸಿದರೆ ಲೆಕ್ಕವೂ ರೇಡಾರೂ ಸರಿಹೋಗುತ್ತವೆ ಅಜ್ಜ” ಎಂದಳು ಹುಡುಗಿ. ನಾನು ಬಾಯಿ ಹಾಕಿದೆ. ಒಂದು ಅಂಕಿಯನ್ನು ಸರಿದೂಗಿಸಲು ಹತ್ತು ತಪ್ಪು ದಾರಿಗಳಿವೆ, ಯಾವುದರಲ್ಲಿ ಹೋದರೂ ಪರದೆ ಒಪ್ಪಿಕೊಳ್ಳುತ್ತದೆ. ಇದರಿಂದ ನಾನು ಪೆಟ್ಟು ತಿಂದಿದ್ದೇನೆ, ಹಾಗಾಗಿ ದನಿ ತುಸು ಏರಿರಬೇಕು. ಮೊದಲು ಕಾರಣ ಹುಡುಕಬೇಕು, ಆಮೇಲೆ ಅಂಕಿ ಮುಟ್ಟಬೇಕು. ಅವಳು ತಲೆಯಾಡಿಸಿದಳು. ರೈಫಲ್ ದಿಬ್ಬದ ಕಡೆಗೇ ಮುಖ ಮಾಡಿ ಮಲಗಿತ್ತು. ಅವಳು ಮೊದಲ ಮೆಟ್ಟಿಲಿನ ಮೂರನೆಯ ಈಡಿನಿಂದ ಯೋಚಿಸುತ್ತಿದ್ದಳೇನೋ, ಮನೆಯಿಂದ ತಂದಿದ್ದ ನಮೂನೆಯ ತೋಟಾ ಕೇಳಿದಳು. ಮದ್ದಿಲ್ಲ, ಕೇಪಿಲ್ಲ, ಗುಂಡು ಮಾತ್ರ ಅದೇ ಉದ್ದಕ್ಕೆ ಕೂರಿಸಿದ್ದು. ಅದನ್ನು ನಿಧಾನವಾಗಿ ಕೋಣೆಗೆ ತಳ್ಳಿ, ಬೋಲ್ಟು ಮುಚ್ಚಿ, ತೆರೆದು, ಹೊರಗೆ ತೆಗೆದು ಬಿಸಿಲಿಗೆ ತಿರುಗಿಸಿದಳು.

ತಾಮ್ರದ ಮೈಯ ಸುತ್ತ, ಮೂತಿ ಚೂಪಾಗಲು ಶುರುವಾಗುವ ಜಾಗದಲ್ಲಿ, ಅಕ್ಕಿಕಾಳಿನ ಅರ್ಧದಷ್ಟು ಉದ್ದದ ನಾಲ್ಕು ಹೊಳೆಯುವ ಗೀರುಗಳು.

ನಳಿಗೆಯೊಳಗಿನ ಸುರುಳಿ ಏಣುಗಳು ಗುಂಡನ್ನು ಆಗಲೇ ಹಿಡಿದಿವೆ. ಹೊಸ ನಳಿಗೆಯ ಗಂಟಲು ಗಿಡ್ಡ. ಪುಸ್ತಕದ ನಳಿಗೆಯಲ್ಲಿ ಗುಂಡು ಹೊರಟು ಒಂದಿಷ್ಟು ದೂರ ಜಿಗಿದು ಏಣನ್ನು ಮುಟ್ಟಿದ್ದರೆ, ಇಲ್ಲಿ ಜಿಗಿತವೇ ಇಲ್ಲ. ಹೊರಡುವ ಮೊದಲೇ ಕಚ್ಚಿ ನಿಂತ ಗುಂಡಿನ ಹಿಂದೆ ಒತ್ತಡ ಬೇಗ ಕಟ್ಟುತ್ತದೆ. ಸಾಫ್ಟ್‌ವೇರಿನಲ್ಲಿ ಇದಕ್ಕೊಂದು ಮನೆ ಇದೆ, ಆರಂಭದ ಒತ್ತಡ ಎಂದು. ಗುಂಡು ಏಣುಗಳಿಗೆ ತಾಗಿದ್ದರೆ ಅದನ್ನು ಏರಿಸಿ ಬರೆಯಬೇಕು. ಆದರೆ ತಾಗಿದೆಯೋ ಇಲ್ಲವೋ ಎಂದು ಅದು ಬಂದು ನೋಡಲಾರದು. ಯಜಮಾನರು ತೋಟಾವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. “ಇದು ನಾನು ಗ್ಯಾರೇಜಿನಲ್ಲೇ ನೋಡಬೇಕಿತ್ತು” ಎಂದರು. ಬೇರೆ ಯಾರ ಮೇಲೂ, ನಳಿಗೆ ಕೂರಿಸಿದವರ ಮೇಲೂ, ಒಂದು ಮಾತು ಹೊರಿಸಲಿಲ್ಲ. ಐವತ್ತು ವರ್ಷ ತೋಟಾ ತುಂಬಿದವರು. ಹಳೆಯ ನಳಿಗೆಯ ಅಭ್ಯಾಸ ಕೈಯಲ್ಲಿ ಉಳಿದಿತ್ತು. ಕೆಳಮಿತಿಯಿಂದ ಹೊರಟದ್ದು ಅವರನ್ನೂ ಮೊಮ್ಮಗಳನ್ನೂ ಕಾಪಾಡಿತ್ತು.

ಅಂದು ಮಧ್ಯಾಹ್ನ ಗ್ಯಾರೇಜಿನಲ್ಲಿ ಆರೂ ತೋಟಾ ಬಿಚ್ಚಿದರು. ಟೊಳ್ಳು ತಲೆಯ ಪ್ಲಾಸ್ಟಿಕ್ ಸುತ್ತಿಗೆಯೊಳಗೆ ತೋಟಾ ಸಿಕ್ಕಿಸಿ ಮರದ ಕೊರಡಿಗೆ ಬಡಿದರೆ, ಮೂರನೆಯ ಏಟಿಗೆ ಗುಂಡೂ ಮದ್ದೂ ಕಳಚಿ ಸುತ್ತಿಗೆಯ ಹೊಟ್ಟೆಗೆ ಬೀಳುತ್ತವೆ. ಗುಂಡುಗಳನ್ನು ಹುಡುಗಿ ಒರೆಸಿ ಬೇರೆ ಇಟ್ಟಳು. ಮದ್ದನ್ನು ಡಬ್ಬಿಗೆ ಹಿಂದಕ್ಕೆ ಸುರಿಯಲಿಲ್ಲ. ಹಿತ್ತಲಿನಲ್ಲಿ ಹಿಮ ಕರಗಿ ನೆಲ ಕಾಣುತ್ತಿತ್ತು. ಸವರಿಬಿಟ್ಟ ಗುಲಾಬಿ ಗಿಡಗಳ ಬುಡದ ಒದ್ದೆ ಮಣ್ಣಿಗೆ ಅದನ್ನು ತೆಳ್ಳಗೆ ಚೆಲ್ಲಿದರು. ಇದರಲ್ಲಿ ಸಾರಜನಕ ಇದೆ, ಗಿಡಕ್ಕೆ ಆಗುತ್ತದೆ ಎಂದರು ಯಜಮಾನರು.

ಒಳಗೆ ಹುಡುಗಿ ನೋಟ್‌ಬುಕ್ಕಿನಲ್ಲಿ ತಾರೀಖು, ಶಾಖ, ಮದ್ದಿನ ಬ್ಯಾಚ್ ಸಂಖ್ಯೆ, ಒಂಬತ್ತು ವೇಗಗಳನ್ನು ಬರೆದಳು. ಅದರ ಕೆಳಗೆ ನಾಲ್ಕು ಗೀರಿನ ಗುಂಡಿನ ಚಿತ್ರ ಬಿಡಿಸಿದಳು. ಆಮೇಲೆ ಹೊಸ ಚಿಪ್ಪೊಂದಕ್ಕೆ, ಮದ್ದಿಲ್ಲದೆ, ಕೇಪಿಲ್ಲದೆ, ಗುಂಡನ್ನು ಕೂದಲೆಳೆಯಷ್ಟು ಒಳಕ್ಕೆ ಕೂರಿಸಿ, ಮೇಣದಬತ್ತಿಯ ಮಸಿ ಹಿಡಿಸಿ, ರೈಫಲ್ ಕಡೆಗೆ ನಡೆದಳು.